ಕುಡಿ ಚಿವುಟುವವರು

“ಅಣ್ಣಾ, ಹುಡುಗಿಗೆ ಗುರು ಸಿಕ್ಕಾರ” ಎಂದು ತಂಗಿ ಫೋನಿನಲ್ಲಿ ಹೇಳಿದಾಗ ನನ್ನ ಕೈಯಲ್ಲಿದ್ದ ಚಹಾದ ಬಸಿ ಅಲುಗಾಡಿ ಅಂಗಿಯ ಮೇಲೆ ಎರಡು ಹನಿ ಬಿತ್ತು. ಹುಡುಗಿಗೆ ಇಪ್ಪತ್ತೊಂಬತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಅರ್ಥಶಾಸ್ತ್ರ ಓದಿ ಡಾಕ್ಟರೇಟು ಮಾಡಿಕೊಂಡವಳು. ವರ ಸಿಕ್ಕ ಎಂಬ ಸುದ್ದಿಗೆ ನಾವೆಲ್ಲ ನಾಲ್ಕು ವರ್ಷದಿಂದ ಕಾಯುತ್ತಿರುವಾಗ ಗುರು ಸಿಕ್ಕರು ಅಂದರೆ ಏನು ತಿಳಿಯಬೇಕು?

ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಗುರು ಸಿಗುವುದು ಹಗುರ ಮಾತಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋಗಿ ನೋಡಿ. ಭೀಮಾ, ಅಮರ್ಜಾ ಕೂಡುವಲ್ಲಿ ಮುಳುಗೆದ್ದು, ದತ್ತನ ಪಾದುಕೆಗೆ ತಲೆಯಿಟ್ಟು, ಜೋಳಿಗೆ ಹಿಡಿದು ಐದು ಮನೆ ಮಾಧುಕರಿ ಬೇಡುವವರಲ್ಲಿ ಪುಣೆಯ ಇಂಜಿನಿಯರೂ ಇರುತ್ತಾರೆ, ಮುಂಬಯಿಯ ಲೆಕ್ಕಪರಿಶೋಧಕರೂ ಇರುತ್ತಾರೆ. ಆಳಂದಕ್ಕೆ ಹೋದರೆ ಲಾಡ್ಲೆ ಮಶಾಕರ ದರ್ಗಾ. ಅಲ್ಲಿ ಪೀರ, ಮುರೀದ ಎಂಬ ನಂಟು ತಲೆಮಾರುಗಳಿಂದ ಇಳಿದುಬಂದದ್ದು. ಜೇವರ್ಗಿ ಸೀಮೆಯ ಅರಳಗುಂಡಗಿಯಂತೂ ಶರಣಬಸವೇಶ್ವರರು ಹುಟ್ಟಿದ ಊರು. ಮೂರು ತಾಲ್ಲೂಕು, ಮೂರು ಗುರುಮನೆ. ಯಾವ ದಿಕ್ಕಿಗೆ ಹೊರಟರೂ ಯಾರಾದರೊಬ್ಬರು ದೀಕ್ಷೆ ಕೊಡಲು ಸಿದ್ಧರಿರುವ ಸೀಮೆ ಇದು. ಹಾಗಾಗಿ ನಾನು ಮೆಲ್ಲಗೆ, “ಕೇಸರಿ ಉಟ್ಟಾಳೇನು?” ಎಂದು ಕೇಳಿದೆ.

ತಂಗಿ ನಕ್ಕು ಫೋನನ್ನು ಮಗಳ ಕೈಗೆ ಕೊಟ್ಟಳು. “ಮಾಮಾ, ಅದು ಫೆಲೋಶಿಪ್ಪು” ಎಂದಳು ಹುಡುಗಿ. ಕೃಷಿ ಅರ್ಥಶಾಸ್ತ್ರದಲ್ಲಿ ಈಗಷ್ಟೇ ಕಾಲೂರುತ್ತಿರುವವರಿಗೆ ಒಂದು ವರ್ಷದ ಮಟ್ಟಿಗೆ ಒಬ್ಬ ಹಿರಿಯರನ್ನು ಗಂಟು ಹಾಕುತ್ತಾರಂತೆ. ಹಿರಿಯರು ಸಮುದ್ರದಾಚೆ ಇದ್ದರೂ ಅಡ್ಡಿಯಿಲ್ಲ. ವಾರಕ್ಕೊಮ್ಮೆ ಪರದೆಯ ಮೇಲೆ ದರ್ಶನ ಕೊಡುತ್ತಾರೆ, ಬರೆದದ್ದನ್ನು ತಿದ್ದುತ್ತಾರೆ, ಬೈಯುವುದಿದ್ದರೆ ಬೈಯುತ್ತಾರೆ. ಊರೂರು ಸುತ್ತಿ ಸಮೀಕ್ಷೆ ಮಾಡಲು ಒಂದಿಷ್ಟು ದುಡ್ಡೂ ಉಂಟು.

“ಡಾಕ್ಟರೇಟು ಮುಗಿದ ಮೇಲೂ ಗುರು ಬೇಕೇನು?”

“ಮುಗಿದ ಮೇಲೇ ಬೇಕು ಮಾಮಾ. ಅಲ್ಲಿಯವರೆಗೆ ಗೈಡ್ ಇದ್ದರಲ್ಲ.”

ನಮ್ಮ ಕಾಲದಲ್ಲಿ ಗೈಡ್ ಎಂದರೆ ಪರೀಕ್ಷೆಯ ಹಿಂದಿನ ರಾತ್ರಿ ದಿಂಬಿನ ಕೆಳಗಿಟ್ಟುಕೊಂಡು ಮಲಗುವ ಪುಸ್ತಕ. ಗುರು ಎಂದರೆ ಆ ಪುಸ್ತಕ ಕಂಡರೆ ಕಸಿದುಕೊಳ್ಳುವವರು. ಆ ಲೆಕ್ಕದಲ್ಲಿ ಆಕೆಯ ಮಾತು ಸರಿಯಾಗಿಯೇ ಇತ್ತು.

ಅವಳು ಆರಿಸಿಕೊಂಡ ಸೀಮೆ ನಮ್ಮದೇ: ಆಳಂದ, ಅಫಜಲಪುರ, ಜೇವರ್ಗಿ. ವಿಷಯ ತೊಗರಿ. ದಾರಿ ತೋರಿಸಲು, ಮಾತು ಬಿಡಿಸಿ ಹೇಳಲು ಒಬ್ಬರು ಬೇಕಿತ್ತು. ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಬೆಳೆಸಾಲದ ಅರ್ಜಿ ತುಂಬಿಸಿ ನಿವೃತ್ತನಾದ ನಾನು ಸಂಬಳವಿಲ್ಲದೆ ಸಿಗುತ್ತಿದ್ದೆ.

ಬರುವ ಮೊದಲೇ ಆಕೆ ನನಗೆ ಒಂದು ಪಾಠ ಮಾಡಿದಳು. 2024ರ ಆಗಸ್ಟಿನಲ್ಲಿ ದಿಲ್ಲಿಯಲ್ಲಿ ಜಗತ್ತಿನ ಕೃಷಿ ಅರ್ಥಶಾಸ್ತ್ರಜ್ಞರ ಸಮ್ಮೇಳನ ನಡೆಯಿತಂತೆ, ಅವಳೂ ಹೋಗಿದ್ದಳು. ಅದಕ್ಕೂ ಹಿಂದೆ ಆ ಸಮ್ಮೇಳನ ಭಾರತಕ್ಕೆ ಬಂದದ್ದು ಒಂದೇ ಸಲ, 1958ರಲ್ಲಿ, ನಮ್ಮ ಮೈಸೂರಿಗೆ, ಲಲಿತಮಹಲ್ ಅರಮನೆಗೆ. ಅದನ್ನು ನಡೆಸುವ ಸಂಘದ ಅಂದಿನ ಮುಂದಾಳು ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲೆಂಡಿನವರು. ಇವರು ಹರೆಯದಲ್ಲಿ ರವೀಂದ್ರನಾಥ ಠಾಕೂರರ ಕರೆಗೆ ಓಗೊಟ್ಟು ಬಂದು 1922ರಲ್ಲಿ ಶ್ರೀನಿಕೇತನ ಕಟ್ಟಲು ನಿಂತವರು. ಕವಿಯ ಬಳಿ ಪಳಗಿ ಅರ್ಥಶಾಸ್ತ್ರಜ್ಞರ ಸಂಘ ಕಟ್ಟಿದವರು ಇನ್ನೊಬ್ಬರು ಇರಲಾರರು. ಮೈಸೂರಿನಲ್ಲಿ ಅವರೆಲ್ಲ ಕೂತು ಚರ್ಚಿಸಿದ ವಿಷಯ, ರೈತ ಮಾರುವ ಮಾಲಿಗೂ ಅವನು ಕೊಳ್ಳುವ ಮಾಲಿಗೂ ನಡುವಿನ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂಬುದು. ಅದೇ ವರ್ಷ ನಮ್ಮಪ್ಪ ಅಡತಿಯವನ ಕಟ್ಟೆಯ ಮೇಲೆ ಕೂತು ಅದೇ ವಿಷಯವನ್ನು ಚರ್ಚಿಸುತ್ತಿದ್ದಿರಬೇಕು. ನಡಾವಳಿ ಬರೆದಿಡುವವರು ಅಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

2024ರ ಡಿಸೆಂಬರಿನ ಕೊನೆಯ ವಾರ ಆಕೆ ಬಂದಿಳಿದಳು. ಒಂದು ಚೀಲದಲ್ಲಿ ಬಟ್ಟೆ, ಎರಡು ಚೀಲದಲ್ಲಿ ಪ್ರಶ್ನಾವಳಿ. ಒಂದು ಪ್ರತಿ ಕೈಗೆತ್ತಿಕೊಂಡು ನೋಡಿದೆ, ಇಪ್ಪತ್ತೆಂಟು ಪುಟ. ನಮ್ಮ ಬ್ಯಾಂಕಿನ ಸಾಲದ ಅರ್ಜಿಯೇ ಉದ್ದ ಎಂದು ರೈತರು ನನ್ನನ್ನು ಶಪಿಸುತ್ತಿದ್ದರು. ಸಾಲವನ್ನೂ ಕೊಡದೆ ಇಪ್ಪತ್ತೆಂಟು ಪುಟ ಕೇಳುವ ಧೈರ್ಯ ನನಗಂತೂ ಎಂದೂ ಬಂದಿರಲಿಲ್ಲ.

ಆಳಂದದ ರಸ್ತೆ ಹಿಡಿದೆವು. ಕಡಗಂಚಿಯ ಬಳಿ ಕೇಂದ್ರೀಯ ವಿಶ್ವವಿದ್ಯಾಲಯದ ದೊಡ್ಡ ಕಟ್ಟಡಗಳು ಎರಿ ಹೊಲದ ನಡುವೆ ನಿಂತಿವೆ. ಅವುಗಳ ಸುತ್ತ ಒಣಗಿ ಕೊಯ್ಲಿಗೆ ಬಂದ ತೊಗರಿ. ಹುಡುಗಿ ಕಾರಿನಲ್ಲೇ ನಂಜುಂಡಪ್ಪ ವರದಿ ತೆಗೆದಳು. 2002ರಲ್ಲಿ ಪ್ರೊಫೆಸರ್ ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ತಾಲ್ಲೂಕುಗಳನ್ನೆಲ್ಲ 35 ಅಳತೆಗೋಲಿನಿಂದ ಅಳೆದು 114 ತಾಲ್ಲೂಕು ಹಿಂದುಳಿದಿವೆ ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ನಮ್ಮ ಮೂರೂ ಆ ಪಟ್ಟಿಯಲ್ಲಿವೆ. ಆ ವರದಿ ಬಂದಾಗ ನಾನು ಜೇವರ್ಗಿ ಕಡೆ ಕೆಲಸದಲ್ಲಿದ್ದೆ. ಚಹಾದಂಗಡಿಯಲ್ಲಿ ಒಬ್ಬರು, “ಯಾವುದಕ್ಕೂ ನಮ್ಮ ತಾಲೂಕಿನ ಹೆಸರು ಪೇಪರಿನ್ಯಾಗ ಬಂದಿದ್ದಿಲ್ಲ, ಬಂತು ನೋಡ್ರಿ” ಎಂದು ಎಲ್ಲರಿಗೂ ಒಂದು ಪ್ಲೇಟು ಮಿರ್ಚಿ ಭಜಿ ಕೊಡಿಸಿದರು. ಮುಂದೆ ಆ ವರದಿ ಎಷ್ಟೋ ಹೋರಾಟಕ್ಕೆ ಆಧಾರವಾಯಿತು, ಸಂವಿಧಾನಕ್ಕೆ 371ಜೆ ಸೇರಿತು, ನಮ್ಮ ಹುಡುಗರಿಗೆ ಸೀಟು, ನೌಕರಿ ಸಿಕ್ಕವು. ಅರ್ಥಶಾಸ್ತ್ರಜ್ಞರೊಬ್ಬರು ಕೋಷ್ಟಕ ಹಾಕಿದ್ದರಿಂದ ಇಷ್ಟಾಗುತ್ತದೆ ಎಂದು ಭಜಿ ಕೊಡಿಸಿದವರಿಗೂ ಅಂದು ಗೊತ್ತಿರಲಿಲ್ಲ.

ಮೊದಲ ಮನೆಯಲ್ಲಿ ಸಿಕ್ಕವರು ಒಬ್ಬ ಆಯಿ. ಎಪ್ಪತ್ತು ದಾಟಿರಬೇಕು. ಹುಡುಗಿ ನಮಸ್ಕಾರ ಮಾಡಿ ಕೂತಳು. ಪ್ರಶ್ನೆ ಕೇಳುವ ಮೊದಲೇ ಆಯಿ ಕೇಳಿದರು: “ನಿಮ್ಮ ಕಡಿ ರಾಶಿ ಆತೇನವ್ವ?”

“ನಂದು ಕನ್ಯಾ ರಾಶಿ” ಎಂದಳು ನಮ್ಮ ಹುಡುಗಿ.

ಆಯಿ ಒಂದು ಗಳಿಗೆ ನನ್ನ ಮುಖ ನೋಡಿದರು. ನಮ್ಮ ಕಡೆ ರಾಶಿ ಎಂದರೆ ಒಕ್ಕಣೆ. ಬೆಂಗಳೂರಿನಲ್ಲಿ ಬೆಳೆದವಳಿಗೆ ಅದು ಜಾತಕ. ಆದರೆ ಆಯಿಗೆ ಇದರಿಂದ ಬೇಸರವಾಗಲಿಲ್ಲ. ಕನ್ಯಾ ರಾಶಿಗೆ ಹೊಂದುವ ತಮ್ಮ ಅಕ್ಕನ ಮೊಮ್ಮಗನೊಬ್ಬ ಸೊಲ್ಲಾಪುರದಲ್ಲಿದ್ದಾನೆ ಎಂದು ಶುರು ಮಾಡಿ, ಮುಂದಿನ ಅರ್ಧ ಗಂಟೆ ಪ್ರಶ್ನೆಗಳನ್ನೆಲ್ಲ ಅವರೇ ಕೇಳಿದರು. ಅಪ್ಪ ಏನು ಮಾಡ್ತಾನ, ಸ್ವಂತ ಮನೆಯೋ ಬಾಡಿಗೆಯೋ, ಹೊಲ ಎಷ್ಟು, ಪಗಾರ ಎಷ್ಟು, ಸಾಲ ಅದನೋ ಇಲ್ಲೋ. ಇಪ್ಪತ್ತೆಂಟು ಪುಟದಲ್ಲಿದ್ದುದೆಲ್ಲ ಅದರಲ್ಲಿ ಬಂದುಹೋಯಿತು. ಉತ್ತರ ಕೊಟ್ಟವರು ಮಾತ್ರ ಅದಲುಬದಲು.

ಆಮೇಲೆ ನಿಜವಾದ ಕೆಲಸ. ಕಳೆ ತೆಗೆಯಲು ಮನೆಯ ಆಳು ಎಷ್ಟು ಗಂಟೆ? ಇದು ಕುಶಾಲಿನ ಪ್ರಶ್ನೆಯಲ್ಲ. 1970-71ರಿಂದ ಸರ್ಕಾರ ಊರೂರಲ್ಲಿ ಬೇಸಾಯದ ಖರ್ಚಿನ ಲೆಕ್ಕ ಬರೆಸುತ್ತದೆ. ಬೆಂಬಲ ಬೆಲೆ ನಿಗದಿ ಮಾಡುವವರು ಆ ಲೆಕ್ಕವನ್ನು ಮುಂದಿಟ್ಟುಕೊಳ್ಳುತ್ತಾರೆ. ಬೀಜ, ಗೊಬ್ಬರ, ಕೂಲಿಯಂತಹ ಕೈಯಿಂದ ಬಿಚ್ಚಿದ ಖರ್ಚು ಒಂದು ಕಡೆ, ಮನೆಯವರ ದುಡಿಮೆಗೆ ಹಾಕುವ ಬೆಲೆ ಇನ್ನೊಂದು ಕಡೆ. ಆ ವರ್ಷ ತೊಗರಿಗೆ ಕ್ವಿಂಟಲಿಗೆ 7,550 ರೂಪಾಯಿ ಎಂದು ಬರೆದ ಕಾಗದದ ಬುಡದಲ್ಲಿ ಇಂಥ ಎಷ್ಟೋ ಆಯಿಗಳ ಗಂಟೆಗಳಿವೆ.

“ಬಿಸಲ ಏರೂತನ ಕಳಿ ತಗದೀನಿ. ಮತ್ತ ಬಿಸಲ ಇಳದ ಮ್ಯಾಲ” ಎಂದರು ಆಯಿ.

ಹುಡುಗಿ ಆಕಾಶ ನೋಡಿ, ಗಡಿಯಾರ ನೋಡಿ, ಐದು ಎಂದು ಬರೆದಳು. ಆಯಿ ಬಗ್ಗಿ ಹಾಳೆ ನೋಡಿ ಕೇಳಿದರು: “ಕಿತ್ತ ಕಳಿ ಮ್ಯಾಕಿಗಿ ಹಾಕೀನಿ. ಮ್ಯಾಕಿ ಹಾಲು ಮೊಮ್ಮಗ ಕುಡಿತಾನ. ಈ ಐದು ತಾಸು ತೊಗರಿ ಖಾತಿಗಿ ಹಚ್ಚತಿಯೋ, ಮ್ಯಾಕಿ ಖಾತಿಗಿ ಹಚ್ಚತಿಯೋ?”

ಹುಡುಗಿಯ ಪೆನ್ನು ನಿಂತಿತು. ಆ ರಾತ್ರಿ ಒಂಬತ್ತೂವರೆಗೆ ಗುರುಗಳು ಪರದೆಯಲ್ಲಿ ಮೂಡಿದರು. ಬೆಳ್ಳಿ ಗಡ್ಡ, ಹಿಂದೆ ಪುಸ್ತಕದ ಕಪಾಟು. ಮ್ಯಾಕಿಯ ಕತೆ ಕೇಳಿ ಅವರು ಕುರ್ಚಿಯಲ್ಲೇ ಹಿಗ್ಗಿದ್ದು ನನಗೂ ಕಾಣಿಸಿತು. ಒಂದೇ ದುಡಿಮೆಯಿಂದ ಎರಡು ಉತ್ಪನ್ನ ಬಂದರೆ ಖರ್ಚನ್ನು ಹೇಗೆ ಹಂಚುವುದು ಎಂಬುದು ತಮ್ಮ ಶಾಸ್ತ್ರದಲ್ಲಿ ಇನ್ನೂ ಜಗ್ಗಾಡುವ ಪ್ರಶ್ನೆಯಂತೆ. ಆ ಹಿರಿಯಾಕೆಗೆ ನನ್ನ ನಮಸ್ಕಾರ ತಿಳಿಸು ಎಂದರು. ಆಮೇಲೆ ದನಿ ಬದಲಿಸಿ, ನಾಳೆ ಪ್ರಶ್ನಾವಳಿ ಒಯ್ಯಬೇಡ, ಬರಿಗೈಲಿ ಹೋಗು ಎಂದು ಅಪ್ಪಣೆ ಮಾಡಿದರು. ಗಾಣಗಾಪುರದಲ್ಲಿ ಜೋಳಿಗೆ ಹಿಡಿಸುತ್ತಾರೆ. ಇವರು ಜೋಳಿಗೆಯನ್ನೇ ಇಳಿಸಿದರು.

ಮರುದಿನ ಡಿಸೆಂಬರ್ 30, ಎಳ್ಳ ಅಮಾಸಿ. ಆ ದಿನ ಊರಲ್ಲಿ ಹುಡುಕಿದರೂ ಒಬ್ಬರು ಸಿಗುವುದಿಲ್ಲ, ಎಲ್ಲರೂ ಹೊಲದಲ್ಲಿ. ಬುಟ್ಟಿ ಹೊತ್ತ ಹೆಂಗಸರು, ಗಾಡಿಯಲ್ಲಿ ತುಂಬಿದ ಮಕ್ಕಳು, ಹೊಲದ ಸುತ್ತ ಚರಗ ಚೆಲ್ಲುವ ಹಿರಿಯರು. ಬರಿಗೈಲಿ ಹೋದ ನಮ್ಮನ್ನು ನಾಲ್ಕು ಹೊಲದವರು ಕರೆದರು. ನಾಲ್ಕೂ ಕಡೆ ಉಣ್ಣದೆ ಬಿಡಲಿಲ್ಲ. ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಹಿಂಡಿ, ಮೊಸರು, ಎಲ್ಲದರ ನಡುವೆ ರಾಜನ ಹಾಗೆ ಭಜ್ಜಿ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಅವರೆ, ಕಡಲೆ, ಗಜ್ಜರಿ, ಬದನೆ, ಮೆಂತ್ಯ, ಹುಣಚಿಕ್ ಸೊಪ್ಪು, ಆ ಹಂಗಾಮಿನಲ್ಲಿ ಹೊಲ, ತೋಟ ಏನು ಕೊಡುತ್ತದೋ ಅದೆಲ್ಲ ಕೂಡಿ ಕುದಿದು ಗಟ್ಟಿಯಾದದ್ದು. ಹುಡುಗಿಯ ಪ್ರಶ್ನಾವಳಿಯ ಹದಿನೇಳನೇ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ಕಳೆದ ಇಪ್ಪತ್ತನಾಲ್ಕು ಗಂಟೆಯಲ್ಲಿ ಮನೆಯವರು ಎಷ್ಟು ಬಗೆಯ ಆಹಾರ ತಿಂದರು? ಅಂದು ಹಾಳೆ ಒಯ್ದಿದ್ದರೆ ಆಳಂದ ತಾಲ್ಲೂಕು ಪೌಷ್ಟಿಕತೆಯಲ್ಲಿ ಸ್ವಿಟ್ಜರ್ಲೆಂಡನ್ನು ಹಿಂದೆ ಹಾಕುತ್ತಿತ್ತು. ನಂಜುಂಡಪ್ಪನವರ ಆತ್ಮ ನೆಮ್ಮದಿಯಾಗುತ್ತಿತ್ತು. ಮೂರನೇ ಹೊಲದಲ್ಲಿ ಆಕೆ ನನ್ನ ಕಿವಿಯಲ್ಲಿ, “ಮಾಮಾ, ನಾನೇ ಉತ್ತರ ಆಗಿಬಿಟ್ಟೆ” ಎಂದು ಹೊಟ್ಟೆ ಹಿಡಿದುಕೊಂಡಳು.

ಅಂದು ಕೇಳದೆಯೇ ತಿಳಿದ ಸಂಗತಿಗಳು ಬೇಕಾದಷ್ಟು. ಉದ್ದು, ಹೆಸರು ಹಾಕುತ್ತಿದ್ದವರು ಸೋಯಾಕ್ಕೆ ಏಕೆ ಹೊರಳಿದರು, ಯಾರ ಸೊಸೆ ಸ್ವಸಹಾಯ ಸಂಘದ ಸಾಲದಲ್ಲಿ ಹೊಲಿಗೆ ಯಂತ್ರ ಕೊಂಡಳು, ಕೂಲಿಗೆ ಆಳು ಏಕೆ ಸಿಗುವುದಿಲ್ಲ. ಉಂಡು ಕೂತ ಮನುಷ್ಯ ಖರ್ಚನ್ನು ಹೆಚ್ಚಿಸಿ ಹೇಳುವುದಿಲ್ಲ, ಆದಾಯವನ್ನು ಮುಚ್ಚಿಡುವುದೂ ಇಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಖಾಲಿ ಹೊಟ್ಟೆಯವರನ್ನು ಎದುರಿಗೆ ಕೂರಿಸಿಕೊಂಡು ನಾನು ಬರೆದ ಆದಾಯದ ಅಂಕಿಗಳ ನೆನಪಾಗಿ ಸ್ವಲ್ಪ ಮುಜುಗರವಾಯಿತು.

ಈ ಸೀಮೆಯಲ್ಲಿ ಇಂಥ ಹುಡುಗ ಹುಡುಗಿಯರು ಹೊಸಬರೇನಲ್ಲ. ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ 1975ರಲ್ಲಿ ಹಳ್ಳಿ ಅಧ್ಯಯನ ಶುರು ಮಾಡಿದಾಗ ಆರಿಸಿದ ಆರು ಊರುಗಳಲ್ಲಿ ಶಿರಾಪುರ, ಕಲಮಣ ಎಂಬ ಎರಡು ನಮ್ಮ ಮಗ್ಗುಲಿನ ಸೊಲ್ಲಾಪುರ ಜಿಲ್ಲೆಯವು. ಲೆಕ್ಕ ಬರೆಯುವವರು ಊರಲ್ಲೇ ಮನೆ ಮಾಡಿ ವರ್ಷಗಟ್ಟಲೆ ಇದ್ದರು. ಅವರು ಬರೆದಿಟ್ಟ ಅಂಕಿಗಳ ಮೇಲೆ ಅಮೆರಿಕದಲ್ಲಿ ಕೂತು ಡಾಕ್ಟರೇಟು ಪಡೆದವರಿಗೆ ಲೆಕ್ಕವಿಲ್ಲ. ನಮ್ಮ ಕಲಬುರಗಿ ತಾಲ್ಲೂಕಿನ ಝಾಪುರದಲ್ಲಿ 2009ರಲ್ಲಿ ಫೌಂಡೇಶನ್ ಫಾರ್ ಅಗ್ರೇರಿಯನ್ ಸ್ಟಡೀಸ್‌ನವರು ಮನೆಮನೆ ಸಮೀಕ್ಷೆ ಮಾಡಿದರು; ಮಂಡ್ಯ, ಕೋಲಾರದ ಒಂದೊಂದು ಊರಿನೊಂದಿಗೆ ಅದೂ ಪುಸ್ತಕವಾಗಿದೆ. ಅಲ್ಲಿ ಹೊಲದ ಕೂಲಿಯಷ್ಟೇ ಕಲ್ಲುಗಣಿಯ ಕೂಲಿಯ ಕತೆಯೂ ಇದೆ.

ಇಕ್ರಿಸ್ಯಾಟಿನ ಹಳ್ಳಿಗಳಲ್ಲಿ ಹಾನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞ ಆಡಿಸಿದ ಆಟವೊಂದನ್ನು ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಹುಡುಗಿ ವಿವರಿಸಿದಳು. ರೈತರ ಮುಂದೆ ನಾಣ್ಯ ಚಿಮ್ಮುವುದು. ಕಡಿಮೆ ಆದರೂ ಖಾತ್ರಿ ಇರುವ ಹಣ ಬೇಕೋ, ಬಿದ್ದರೆ ಬಹಳ, ಬೀಳದಿದ್ದರೆ ಇಲ್ಲವೆಂಬ ಹಣ ಬೇಕೋ ಎಂದು ಕೇಳುವುದು. ಗೆದ್ದರೆ ನಿಜವಾದ ರೂಪಾಯಿಯನ್ನೇ ಕೈಗಿಡುವುದು. ಬಹುಪಾಲು ರೈತರು ತೀರ ಅಂಜುಬುರುಕರೂ ಅಲ್ಲ, ಜೂಜುಕೋರರೂ ಅಲ್ಲ, ನಡುವೆ ನಿಂತವರು ಎಂದು ಗೊತ್ತಾಯಿತಂತೆ. 1980ರಲ್ಲಿ ಅಚ್ಚಾದ ಆ ಲೇಖನ ಅವರ ಶಾಸ್ತ್ರದಲ್ಲಿ ಬಲು ಹೆಸರಾದದ್ದು.

ಭೀಮಾ ದಂಡೆಯ ಊರಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಹವಳಗಾ ಕಾರ್ಖಾನೆಯ ಕಡೆ ತೇಕುತ್ತಾ ಹೋಗುತ್ತಿದ್ದ ರಸ್ತೆಯ ಪಕ್ಕ, ಬೇವಿನ ಕಟ್ಟೆಯ ಮೇಲೆ ಕೂತ ಮುತ್ಯಾ ಒಬ್ಬರಿಗೆ ಈ ಆಟದ ವಿಷಯ ಹೇಳಿದೆವು. ಅವರು ಬಹಳ ಹೊತ್ತು ಎಲೆ ಅಡಿಕೆ ಜಗಿದು ಉಗುಳಿ ಬಂದು ಹೇಳಿದರು: “ಅಂವ ಪುಣ್ಯವಂತ. ಚಿಮ್ಮೋ ನಾಣ್ಯಾ ಅಂವಂದೇ ಇತ್ತು. ನಂದು ಮುಗಲಿನ ಕೈಯಾಗ ಅದ.”

ಆ ಮುತ್ಯಾನ ಬದುಕೇ ಅರ್ಥಶಾಸ್ತ್ರದ ಒಂದು ಅಧ್ಯಾಯ. 2015ರಲ್ಲಿ ತೊಗರಿಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನೆನಪಿರಬಹುದು. ಬೆಂಗಳೂರಿನಲ್ಲಿ ಸಾರು ತೆಳ್ಳಗಾಯಿತು. ಇಲ್ಲಿ ಎದೆ ಹಿಗ್ಗಿತು. ಮುಂದಿನ ಮುಂಗಾರಿಗೆ ಮುತ್ಯಾ ಇದ್ದ ಹೊಲಕ್ಕೆಲ್ಲ ತೊಗರಿ ಬಿತ್ತಿದರು. ಅವರಂತೆಯೇ ಇಡೀ ಜಿಲ್ಲೆ, ಮಗ್ಗುಲ ಮಹಾರಾಷ್ಟ್ರ, ತೆಲಂಗಾಣ ಎಲ್ಲರೂ. ಮಳೆಯೂ ಆಯಿತು. ಸಾಲದ್ದಕ್ಕೆ ಸರ್ಕಾರ ಆ ವರ್ಷವೇ ಮೊಜಾಂಬಿಕ್ ದೇಶದೊಂದಿಗೆ ತೊಗರಿ ತರಿಸುವ ಒಪ್ಪಂದ ಮಾಡಿಕೊಂಡಿತ್ತು. ಬೋನಸ್ಸು ಸೇರಿ ಬೆಂಬಲ ಬೆಲೆ 5,050 ಇದ್ದರೆ ಪೇಟೆಯ ಭಾವ ಅದಕ್ಕಿಂತ ಕೆಳಗೆ ಇಳಿಯಿತು. ಖರೀದಿ ಕೇಂದ್ರದ ಮುಂದೆ ಸಾಲು. ಮುತ್ಯಾ ಚೀಲದ ಮೇಲೆಯೇ ಮಲಗಿ ಎರಡು ರಾತ್ರಿ ಕಳೆದರು. ಮರುವರ್ಷ ತೊಗರಿ ಕಡಿಮೆ ಮಾಡಿದರು. ಹೋದ ವರ್ಷದ ಭಾವ ನೋಡಿ ಈ ವರ್ಷ ಬಿತ್ತಿದರೆ ಬೆಲೆಯೂ ಬೆಳೆಯೂ ಒಂದನ್ನೊಂದು ಬೆನ್ನಟ್ಟುತ್ತಾ ಸುತ್ತುತ್ತವೆ. ಆ ಸುತ್ತನ್ನು ಹಾಳೆಯ ಮೇಲೆ ಗೆರೆ ಎಳೆದರೆ ಜೇಡನ ಬಲೆಯ ಹಾಗೆ ಕಾಣುತ್ತದೆ. ಅದಕ್ಕೇ ಅರ್ಥಶಾಸ್ತ್ರಜ್ಞರು 1930ರ ದಶಕದಲ್ಲೇ ಅದನ್ನು ಜೇಡರ ಬಲೆಯ ಸಿದ್ಧಾಂತ ಎಂದು ಕರೆದರು. ಹುಡುಗಿ ಮಣ್ಣಿನಲ್ಲಿ ಕಡ್ಡಿಯಿಂದ ಬಲೆ ಬರೆದು ತೋರಿಸಿದಳು. ಮುತ್ಯಾ ಕುತೂಹಲದಿಂದ ನೋಡಿ, “ಇದರಾಗ ನಾ ಎಲ್ಲಿ ಅದೀನಿ?” ಎಂದರು. ಆಕೆ ನಡುವೆ ಒಂದು ಚುಕ್ಕಿ ಇಟ್ಟಳು. “ಹೌದು, ನೊಣದ ಜಾಗಾ ಅದೇ” ಎಂದು ಅವರು ತಲೆಯಾಡಿಸಿದರು.

ಹೊರಡುವಾಗ ಅವರು ಆಕೆಯ ಫೋನ್ ನಂಬರು ತಮ್ಮ ಮೊಮ್ಮಗನಿಂದ ಬರೆಸಿಕೊಂಡರು. “ಇಷ್ಟ್ ಓದೀದಿ. ಜೂನ್‌ದಾಗ ಕೇಳತೀನಿ, ಏನ್ ಬಿತ್ಲಿ ಹೇಳ್ಬೇಕ್ ನೋಡವ್ವ.”

ಕೊನೆಗೆ ಜೇವರ್ಗಿ. ಕಟ್ಟಿಸಂಗಾವಿ ಸೇತುವೆ ದಾಟಿದರೆ ನನಗೆ ಊರಿನ ವಾಸನೆ ಬಂದಂತಾಗುತ್ತದೆ. ಅರಳಗುಂಡಗಿಯ ಶರಣಬಸವಪ್ಪನ ಕತೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ: ಜೋಳದ ಹೊಲ ಕಾಯಲು ಕೂತ ಶರಣರು ಹಕ್ಕಿಗಳನ್ನು ಓಡಿಸಲಿಲ್ಲ, ತಿನ್ನಿರಪ್ಪ ಎಂದು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರು, ರಾಶಿ ಮಾಡಿದಾಗ ಬೇರೆಯವರಿಗಿಂತ ಹೆಚ್ಚು ಜೋಳ ಬಂತು. ಹುಡುಗಿ ಭಕ್ತಿಯಿಂದ ಕೇಳಿ ಕೈಮುಗಿದಳು. ಕಾರಿಗೆ ಬಂದ ಮೇಲೆ ಮಾತ್ರ ತಡೆಯಲಾಗದೆ, “ಹಕ್ಕಿ ತಿಂದದ್ದನ್ನು ನಷ್ಟದ ಕಾಲಂಗೆ ಹಾಕಬೇಕೋ ಹುಳು ಹೆಕ್ಕಿದ ಕೂಲಿ ಎಂದು ಖರ್ಚಿನ ಕಾಲಂಗೆ ಹಾಕಬೇಕೋ ಮಾಮಾ?” ಎಂದಳು. ಆಯಿಯ ಮ್ಯಾಕಿ ಆಕೆಯನ್ನು ಇನ್ನೂ ಬಿಟ್ಟಿರಲಿಲ್ಲ.

ನಮ್ಮೂರಿನ ಹೊಲದಲ್ಲಿ ಒಬ್ಬನೇ ಒಬ್ಬ ರೈತನನ್ನು ಮಾತಾಡಿಸುವುದು ಬಾಕಿ ಇತ್ತು. ವಯಸ್ಸು ನಲವತ್ತರ ಆಸುಪಾಸು, ಮಾತು ಕಡಿಮೆ. ಮೊದಲು ಬೀಜದ ಮಾತು ಬಂತು. ಅವನ ಅಪ್ಪನ ಕಾಲದಲ್ಲಿ ಮಾರುತಿ ಬಂದಾಗ ಊರಿಗೆ ಹಬ್ಬವಾಗಿತ್ತು. ಕಾರಲ್ಲ, ತೊಗರಿ. ನಿಂತ ಗಿಡ ನಿಂತಲ್ಲೇ ಒಣಗುವ ನೆಟೆ ರೋಗಕ್ಕೆ ಬಗ್ಗದ ಈ ತಳಿಯನ್ನು ಇಕ್ರಿಸ್ಯಾಟಿನವರು ಆರಿಸಿ ಕೊಟ್ಟಿದ್ದು, 1986ರಲ್ಲಿ ನಮ್ಮ ರಾಜ್ಯದಲ್ಲಿ ಬಿಡುಗಡೆಯಾಯಿತು. ಹತ್ತು ವರ್ಷದ ಮೇಲೆ ಬಂಟಿಲಾನ್, ಜೋಶಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ, ಆ ಸಂಶೋಧನೆಗೆ ಹಾಕಿದ ಹಣ ವರ್ಷಕ್ಕೆ ನೂರಕ್ಕೆ 65ರಂತೆ ಪ್ರತಿಫಲ ಕೊಟ್ಟಿದೆ ಎಂದು ಬರೆದರು. ಅಂಥ ಬಡ್ಡಿಯನ್ನು ನಮ್ಮ ಕಡೆ ಅಲ್ಲಿಯವರೆಗೆ ಖಾಸಗಿ ಸಾವುಕಾರರು ಮಾತ್ರ ಕಂಡಿದ್ದರು.

ಹುಡುಗಿ ಹತ್ತನೇ ಪುಟ ತಿರುವಿದಳು. “ಹೊಲ ಸ್ವಂತದ್ದಾ?”

“ಇಲ್ರಿ. ಲಾವಣಿ ಹಾಕೀನಿ.”

ಆಕೆ ಮುಗುಳ್ನಕ್ಕು, “ಜನಪದ ಅಂದ್ರೆ ನಂಗೂ ತುಂಬ ಇಷ್ಟ. ಹೊಲ ಯಾರದು ಹೇಳಿ, ಆಮೇಲೆ ಒಂದು ಹಾಡಿ” ಎಂದಳು.

ಅವನು ಹಾಡಲಿಲ್ಲ. ನನ್ನ ಕಡೆ ನೋಡಿದ. ಲಾವಣಿ ಎಂದರೆ ನಮ್ಮ ಕಡೆ ಗೇಣಿ. ವರ್ಷಕ್ಕೆ ಇಷ್ಟು ಎಂದು ದುಡ್ಡು ಕೊಟ್ಟು ಹೊಲ ಮಾಡುವುದು. ಇದನ್ನು ನಾನೇ ಬಿಡಿಸಿ ಹೇಳಬೇಕಾಯಿತು. ಅದಕ್ಕಿಂತ ಕಷ್ಟದ್ದು ಅದರ ಮುಂದಿನದು: “ಹೊಲ ನಂದೇ.”

ಐದು ಎಕರೆ. ಅಪ್ಪ ಬಿಟ್ಟು ಹೋದದ್ದು. ಬ್ಯಾಂಕಿನ ನೌಕರಿಗೆ ಸೇರಿದ ಮೇಲೆ ನಾನು ಅದರಲ್ಲಿ ಕುಂಟೆ ಹೊಡೆದದ್ದಿಲ್ಲ. ಆದರೆ ಪಹಣಿ ತೆಗೆದು ನೋಡಿ, ಇಂದಿಗೂ ನಾನೇ ಸ್ವತಃ ತೊಗರಿ ಬೆಳೆಯುತ್ತೇನೆ. ಕರ್ನಾಟಕದಲ್ಲಿ ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಬಂದ ಮೇಲೆ ಗೇಣಿಗೆ ಕೊಡುವುದೇ ನಿಷಿದ್ಧ. ಉಳುವವನೇ ಒಡೆಯ ಎಂದು ಬಂದ ಕಾನೂನು ಅದು. ಅದರಿಂದ ಹೊಲ ಕಂಡವರು ಬಹಳ ಮಂದಿ. ಈಗ ಊರು ಬಿಟ್ಟವರ ಹೊಲ ಮಾಡುವವರು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಎಲ್ಲ ಬಾಯಿಮಾತು. ಕಾಗದವಿಲ್ಲದವನಿಗೆ ಬ್ಯಾಂಕು ಬೆಳೆಸಾಲ ಕೊಡುವುದಿಲ್ಲ. ಕೊಡುವುದಿಲ್ಲ ಎಂದು ಅಂಥವರಿಗೆ ಹೇಳಿ ಕಳಿಸುವುದೇ ಎಷ್ಟೋ ವರ್ಷ ನನ್ನ ಕೆಲಸವಾಗಿತ್ತು.

“ನೆಟೆ ರೋಗ ಬಂದ ವರ್ಷ ಪರಿಹಾರ ಸಿಕ್ತಾ?” ಹುಡುಗಿ ಕೇಳುತ್ತಲೇ ಇದ್ದಳು.

2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ನೆಟೆಗೆ ಒಣಗಿ ನಿಂತಾಗ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಕೊಟ್ಟಿತು. ಐದು ಎಕರೆ ಅಂದರೆ ಎರಡು ಹೆಕ್ಟೇರ್. ಇಪ್ಪತ್ತು ಸಾವಿರ, ಪಹಣಿಯಲ್ಲಿರುವವನ ಖಾತೆಗೆ. ನನ್ನ ಫೋನಿಗೆ ಟಿಂಗ್ ಎಂದು ಸಂದೇಶ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕೊಡಬೇಕು ಎಂದುಕೊಂಡದ್ದೂ ನೆನಪಿದೆ. ಆಮೇಲೆ ಮನೆಗೆ ಬಣ್ಣ ಹೊಡೆಸಿದ್ದೂ ನೆನಪಿದೆ.

“ಸಾಹೇಬ್ರು ಆ ವರ್ಷ ಲಾವಣಿ ರೊಕ್ಕದಾಗ ಒಂದಿಷ್ಟು ಬಿಟ್ಟಾರ್ರಿ” ಎಂದ ಅವನು, ನನ್ನ ಮುಖ ಉಳಿಸಲು. ಬಿಟ್ಟದ್ದು ಎರಡು ಸಾವಿರ. ಹುಡುಗಿ ಅದನ್ನೂ ಬರೆದುಕೊಂಡಳು. ಬರೆಯುವಾಗ ನನ್ನ ಕಡೆ ನೋಡಲಿಲ್ಲ; ಅದು ಆಕೆಯ ಒಳ್ಳೆಯತನ. ಹಾಳೆಯ ಮೇಲ್ಭಾಗದಲ್ಲಿ ಭೂಮಾಲೀಕನ ಬಗೆ ಎಂಬ ಕಡೆ ಗೈರುಹಾಜರಿ ಎಂಬುದಕ್ಕೆ ಗುರುತು ಹಾಕಿದ್ದನ್ನು ಓರೆಗಣ್ಣಿನಿಂದ ನೋಡಿದೆ. ಹೊಲದ ಬದುವಿನ ಮೇಲೆ ಖುದ್ದು ನಿಂತಿದ್ದ ನಾನು ಗೈರುಹಾಜರಾದದ್ದು ಅದೇ ಮೊದಲು.

ಅವನು ಮಾತು ತಿರುಗಿಸಿ ತೊಗರಿಯ ಕುಡಿ ಚಿವುಟುವ ವಿಷಯ ಹೇಳಿದ. ಬಿತ್ತಿ ಒಂದೂವರೆ ತಿಂಗಳಾದಾಗ ಗಿಡದ ನೆತ್ತಿಯ ಕುಡಿಯನ್ನು ಎರಡು ಬೆರಳಿನಿಂದ ಮುರಿಯಬೇಕು. ನಮ್ಮ ಕೃಷಿ ವಿಜ್ಞಾನ ಕೇಂದ್ರದವರು ಹೇಳಿಕೊಟ್ಟದ್ದು. ಈಗ ಅದಕ್ಕೆ ಬ್ಯಾಟರಿಯ ಯಂತ್ರವೂ ಬಂದಿದೆ. ಮೊದಲ ವರ್ಷ ಅವನ ಅವ್ವ, ಬೆಳೆಯೋ ಗಿಡದ ತಲಿ ಮುರಿತಿಯಲ್ಲೋ ಎಂದು ಅತ್ತಿದ್ದರಂತೆ. ನೆತ್ತಿ ಮುರಿದ ಗಿಡ ಮೇಲಕ್ಕೆ ಏರುವುದನ್ನು ಬಿಟ್ಟು ಪಕ್ಕಕ್ಕೆ ಟೊಂಗೆ ಒಡೆಯುತ್ತದೆ. ಟೊಂಗೆ ಹೆಚ್ಚಿದಷ್ಟೂ ಹೂ, ಹೂ ಹೆಚ್ಚಿದಷ್ಟೂ ಕಾಯಿ.

ಈ ಮಾತು ಮಾರ್ಚಿನಲ್ಲಿ ನೆನಪಾಯಿತು. ಹುಡುಗಿ ಮೊದಲ ಕರಡು ಬರೆದು ಗುರುಗಳಿಗೆ ಕಳಿಸಿದ್ದಳು. ಅರವತ್ತು ಪುಟ, ಅದರಲ್ಲಿ ನಲವತ್ತು ಗ್ರೀಕ್ ಅಕ್ಷರಗಳ ಸಮೀಕರಣ. ಅದು ಆಕೆಯ ಹೆಮ್ಮೆಯ ಕುಡಿ. ಗುರುಗಳು ಆ ನಲವತ್ತಕ್ಕೂ ಅಡ್ಡಗೆರೆ ಎಳೆದಿದ್ದರು. ಐವತ್ತಮೂರನೇ ಪುಟದ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ, ಕೆಲವು ಊರುಗಳಲ್ಲಿ ಪರಿಹಾರದ ಹಣ ಗೇಣಿದಾರರಿಗೆ ತಲುಪಿಲ್ಲ ಎಂದು ಒಂದು ಸಾಲು ಇತ್ತು. ಅದರ ಸುತ್ತ ಕೆಂಪು ಗೆರೆ ಎಳೆದು, ನಿನ್ನ ಪ್ರಬಂಧ ಇಲ್ಲಿಂದ ಶುರುವಾಗುತ್ತದೆ ಎಂದು ಬರೆದಿದ್ದರು. ಆಕೆ ನನಗೆ ಫೋನು ಮಾಡಿ ಒಂದು ತಾಸು ಅತ್ತಳು. ತಲೆ ಮುರಿದರಲ್ಲ ಎಂದು. ನಾನು ಸಮಾಧಾನ ಹೇಳಿದೆ, ಹೇಳುತ್ತಲೇ ನನ್ನ ಕಾಳಜಿಯನ್ನೂ ಮುಂದಿಟ್ಟೆ: “ಆ ಅಡಿಟಿಪ್ಪಣಿ ಹಿಗ್ಗಿಸುವಾಗ ಬಣ್ಣ ಹೊಡೆಸಿದ ಮನೆಯ ವಿಳಾಸ ಬರೀಬ್ಯಾಡವ್ವ.” ಅಳುವಿನ ನಡುವೆಯೇ ನಕ್ಕಳು. ಹೆಸರು ಬರೆಯುವ ರೂಢಿ ತಮ್ಮಲ್ಲಿಲ್ಲ, ನೀವು ಬರೀ ಒಂದು ಸಂಖ್ಯೆ, ಜೇವರ್ಗಿ ಹನ್ನೊಂದು ಎಂದಳು. ಆ ವಾರ ನಾನು ಊರಿಗೆ ಹೋಗಿ ಹದಿನೆಂಟು ಸಾವಿರ ಕೊಟ್ಟು ಬಂದೆ. ಅವನು ಎಣಿಸದೆ ಜೇಬಿಗಿಟ್ಟುಕೊಂಡು, “ಬಡ್ಡಿ ಯಾರು ಕೊಡ್ತಾರ್ರಿ ಸಾಹೇಬ್ರ?” ಎಂದ. ಚಾಷ್ಟಿಗೆ ಅಂದನೋ ನಿಜಕ್ಕೆ ಅಂದನೋ ಈಗಲೂ ಗೊತ್ತಾಗಿಲ್ಲ.

ಜೂನ್ ಬಂತು. ಮಾತು ತಪ್ಪದ ಅಫಜಲಪುರದ ಮುತ್ಯಾ ಹುಡುಗಿಗೆ ಫೋನು ಮಾಡಿದರು. ಏನ್ ಬಿತ್ಲಿ? ತೊಗರಿಯ ಬೆಂಬಲ ಬೆಲೆ 8,000 ಎಂದು ಸರ್ಕಾರ ಹೇಳಿದೆ, ಪೇಟೆಯ ಭಾವ ಇಳಿದದ, ಹತ್ತಿ ಹಾಕಲೋ, ಸೋಯಾ ಹಾಕಲೋ, ಇದ್ದದ್ದನ್ನೇ ಹಾಕಲೋ? ಆಕೆ ಎರಡು ದಿನ ಸಮಯ ಕೇಳಿ, ರಾತ್ರಿ ಒಂಬತ್ತೂವರೆಗೆ ಪರದೆಯ ಮುಂದೆ ಕೂತು ಗುರುಗಳನ್ನು ಕೇಳಿದಳು. ಗುರುಗಳು ಗಡ್ಡ ನೀವಿಕೊಂಡು, ಅಲ್ಲಿನ ರೈತರು ಏನು ಯೋಚಿಸುತ್ತಿದ್ದಾರೆ, ಅದನ್ನು ಮೊದಲು ಕೇಳು ಎಂದರು. ಆಕೆ ನನ್ನನ್ನು ಕೇಳಿದಳು. ಬ್ಯಾಂಕಿನಲ್ಲಿದ್ದಾಗ ಇಂಥ ಪ್ರಶ್ನೆಗೆ ಮೇಲಧಿಕಾರಿಯನ್ನು ಕೇಳಿ ಹೇಳುತ್ತೇನೆ ಎನ್ನುತ್ತಿದ್ದೆ. ಈಗ ಮೇಲಧಿಕಾರಿ ಇಲ್ಲದ್ದರಿಂದ ಜೇವರ್ಗಿಗೆ ಫೋನು ಮಾಡಿದೆ.

“ಹೊಲ ನಿಮ್ದು, ನೀವ ಹೇಳ್ರಿ” ಎಂದ ಅವನು.

ನಾನು ಆಕೆಗೆ, ಆಕೆ ಮುತ್ಯಾಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಮೂರು ದಿನ ಹಿಡಿದು ಮಳೆ ಹೊಡೆಯಿತು. ನೆಲ ಹದಕ್ಕೆ ಬಂದ ಮೇಲೆ ಯಾರು ಕಾಯುತ್ತಾರೆ? ಮುತ್ಯಾ ಮಗ್ಗುಲ ಹೊಲದವನನ್ನು ನೋಡಿದರು, ಮಗ್ಗುಲ ಹೊಲದವನು ಮುತ್ಯಾನನ್ನು ನೋಡಿದ. ಇಬ್ಬರೂ ತೊಗರಿ ಬಿತ್ತಿದರು.